ನೆಟ್ಟಗೆ ಎಷ್ಟು, ಸುತ್ತಿದರೆ ಎಷ್ಟು?

ಬೆಳಗಾವಿ ಜಿಲ್ಲೆಯ ಯರಗಟ್ಟಿ, ಮುನವಳ್ಳಿ ಕಡೆಯ ಯಾವುದೇ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ದಾರಿ ಕೇಳಿದರೆ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ.

“ಅಜ್ಜಾರ, ಹೊಳಿ ಇಲ್ಲಿಂದ ಎಷ್ಟ ದೂರ ಐತ್ರಿ?”

“ಇಲ್ಲೇ ಐತಿ ತಗೋ ತಮ್ಮಾ. ಹೊಲದಾಗ ಹಾದು ನೆಟ್ಟಗ ಹ್ವಾದ್ರ ಒಂದ ಮೈಲಿ ಆಗೂದಿಲ್ಲ. ರಸ್ತೆ ಹಿಡದ್ರ ಮಾತ್ರ ಸುತ್ತ ಬೀಳತೈತಿ, ಎರಡ ಮೈಲಿ ಮ್ಯಾಲ ಆದೀತು.”

ಪ್ರಶ್ನೆ ಒಂದು, ಉತ್ತರ ಎರಡು. ಎರಡೂ ಸರಿ. 9ನೇ ತರಗತಿಯ ವಿಜ್ಞಾನದಲ್ಲಿ ‘ಚಲನೆ’ ಪಾಠ ಓದುವ ಮಕ್ಕಳು ಈ ಎರಡು ಉತ್ತರಗಳಿಗೂ ಹೆಸರು ಕಲಿಯುತ್ತಾರೆ. ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಗೆರೆಯೇ ಸ್ಥಾನಪಲ್ಲಟ. ಕಾಲು ಅಥವಾ ಗಾಲಿ ನಿಜವಾಗಿ ಸವೆಸಿದ ಹಾದಿಯ ಉದ್ದವೇ ಕ್ರಮಿಸಿದ ದೂರ. ಅಜ್ಜ “ನೆಟ್ಟಗ” ಎನ್ನುವಾಗ ಕೈ ಚಾಚಿ ಹೊಳೆಯ ದಿಕ್ಕನ್ನೂ ತೋರಿಸುತ್ತಾನೆ. ಆ ಚಾಚಿದ ಕೈಯಲ್ಲೇ ಪಾಠದ ಅರ್ಧ ಭಾಗವಿದೆ. ಸ್ಥಾನಪಲ್ಲಟಕ್ಕೆ ಅಳತೆಯ ಜೊತೆಗೆ ದಿಕ್ಕೂ ಬೇಕು, ಆದ್ದರಿಂದ ಅದು ಸದಿಶ. ರಸ್ತೆಯ ಎರಡು ಮೈಲಿಗೆ ದಿಕ್ಕಿಲ್ಲ, ಅದು ಅಲ್ಲಲ್ಲಿ ತಿರುಗುತ್ತ ಹೋಗುತ್ತದೆ, ಆದ್ದರಿಂದ ಅದಿಶ.

ಹಾದಿ ನೇರವಾಗಿದ್ದು, ನಡುವೆ ಹಿಂದಿರುಗದೆ ಒಂದೇ ದಿಕ್ಕಿಗೆ ಸಾಗಿದರೆ ಎರಡೂ ಸಮ. ಬಾಗಿದ ತಕ್ಷಣ ಬೇರೆಯಾಗುತ್ತವೆ. ಕ್ರಮಿಸಿದ ದೂರ ಎಂದಿಗೂ ಸ್ಥಾನಪಲ್ಲಟಕ್ಕಿಂತ ಕಡಿಮೆ ಆಗುವುದಿಲ್ಲ. ಪರೀಕ್ಷೆಯ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಕಬ್ಬಿನ ಸಾಗಣೆ, ಹೊಲದ ಪೈಪು, ಮಗುವಿನ ಶಾಲೆ, ಮೈದಾನದ ಓಟ, ಇವೆಲ್ಲ ಕಡೆ ಯಾವ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ತಪ್ಪಾಗಿ ಹಿಡಿದರೆ ದುಡ್ಡು ಹೋಗುತ್ತದೆ.

ಮೇಟಿಯ ಸುತ್ತ

ಬಾಗಿದ ಹಾದಿಯ ಪಾಠಕ್ಕೆ ಉತ್ತರ ಕರ್ನಾಟಕದವರು ಹೊರಗಿನ ಉದಾಹರಣೆ ಹುಡುಕಬೇಕಿಲ್ಲ. ರಾಶಿ ಮಾಡುವ ಯಂತ್ರಗಳು ಬರುವ ಮುಂಚೆ ಪ್ರತಿ ಊರಿನ ಕಣದಲ್ಲೂ ಅದು ನಡೆಯುತ್ತಿತ್ತು. ಸೆಗಣಿ ಸಾರಿಸಿದ ಕಣದ ನಟ್ಟನಡುವೆ ಮೇಟಿ ಕಂಬ. ಅದಕ್ಕೆ ಹಗ್ಗ ಕಟ್ಟಿ, ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಹೂಡಿ, ಹರಡಿದ ಜೋಳದ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದರು. ಹೀಗೆ ಹೂಡಿದ ಎತ್ತಿನ ಸಾಲೇ ಹಂತಿ. ರಾತ್ರಿಯಿಡೀ ಅದು ಸಾಗುತ್ತಿತ್ತು, ಹೊಡೆಯುವವರಿಗೆ ನಿದ್ದೆ ಬರದಂತೆ ಹಂತಿ ಹಾಡು ನಡೆಯುತ್ತಿತ್ತು.

ನಾಲ್ಕು ಎತ್ತಿನ ಒಂದು ಹಂತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಟಿಗೆ ಹತ್ತಿರದ ಎತ್ತು ಕಂಬದಿಂದ 1.4 ಮೀಟರ್ ದೂರದಲ್ಲಿದೆ. ಉಳಿದವು 2.1, 2.8 ಮತ್ತು 3.5 ಮೀಟರ್ ದೂರದಲ್ಲಿವೆ. ವೃತ್ತದ ಸುತ್ತಳತೆಗೆ ಶಾಲೆಯ 22/7 ಸೂತ್ರ ಹಚ್ಚಿದರೆ, ಒಂದು ಸುತ್ತಿಗೆ ಒಳಗಿನ ಎತ್ತು ನಡೆಯುವುದು 8.8 ಮೀಟರ್, ಅದರಾಚೆಯವು 13.2 ಮತ್ತು 17.6, ಹೊರ ಅಂಚಿನದು ಬರೋಬ್ಬರಿ 22 ಮೀಟರ್. ನೂರು ಸುತ್ತು ಮುಗಿದಾಗ ಒಳಗಿನ ಎತ್ತು 880 ಮೀಟರ್ ನಡೆದಿದ್ದರೆ ಹೊರಗಿನದು 2.2 ಕಿಲೋಮೀಟರ್ ಸವೆಸಿರುತ್ತದೆ. ಅದೇ ಹಗ್ಗ, ಅದೇ ಹೊತ್ತು, ಅದೇ ಹಾಡು. ಆದರೂ ಒಂದಕ್ಕೆ ಇನ್ನೊಂದರ ಎರಡೂವರೆ ಪಟ್ಟು ನಡಿಗೆ. ಮುದಿ ಎತ್ತು ಯಾವ ಬದಿಗಿರಬೇಕು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಇನ್ನು ಸ್ಥಾನಪಲ್ಲಟ? ನೂರು ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದು ನಿಂತರೆ ನಾಲ್ಕಕ್ಕೂ ಸೊನ್ನೆ. ದಣಿವಿಗೆ ಸೊನ್ನೆ ಇಲ್ಲ, ಏಕೆಂದರೆ ದಣಿವು ನಡೆದ ಹಾದಿಯನ್ನು ಎಣಿಸುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿದವರದ್ದೂ ಇದೇ ಲೆಕ್ಕ. ಊರಿಂದ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಬಂದು, ದರ್ಶನ ಮುಗಿಸಿ ಮರಳಿ ತಮ್ಮ ಅಂಗಳದಲ್ಲೇ ಕೊಳ್ಳ ಹರಿದವರಿಗೂ ಅಷ್ಟೇ. ಯಾತ್ರೆಯ ಸ್ಥಾನಪಲ್ಲಟ ಸೊನ್ನೆ, ಎತ್ತಿನ ಗೊರಸು ಸವೆದದ್ದು ಮಾತ್ರ ಹೋಗಿ ಬಂದ ಪೂರ್ತಿ ದಾರಿಗೆ.

ಕಣದ ಲೆಕ್ಕ ಸೊನ್ನೆಯಲ್ಲಿ ಮುಗಿಯುವುದಿಲ್ಲ. ಹಂತಿಯನ್ನು ಅರ್ಧ ಸುತ್ತಿಗೆ ನಿಲ್ಲಿಸಿ ನೋಡಬೇಕು. ಹೊರಗಿನ ಎತ್ತು 11 ಮೀಟರ್ ನಡೆದಿದೆ. ಅದು ಹೊರಟ ಜಾಗಕ್ಕೂ ನಿಂತ ಜಾಗಕ್ಕೂ ಹಗ್ಗ ಬಿಗಿದರೆ ಆ ಹಗ್ಗ ನೇರ ಮೇಟಿಯ ಮೇಲೆಯೇ ಹಾದು ಹೋಗುತ್ತದೆ, ಉದ್ದ 7 ಮೀಟರ್. ಒಳಗಿನ ಎತ್ತಿಗೆ 4.4 ಮೀಟರ್ ನಡಿಗೆ, 2.8 ಮೀಟರ್ ಸ್ಥಾನಪಲ್ಲಟ. ಎರಡನ್ನೂ ಭಾಗಿಸಿ ನೋಡಿದರೆ ಬರುವ ಸಂಖ್ಯೆ ಒಂದೇ: ಸುಮಾರು 1.57. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಅರ್ಧ ಸುತ್ತಿನ ಹಾದಿ ಅದರ ನೇರ ಅಂತರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಅರ್ಧವೃತ್ತ ಎಂದ ಕೂಡಲೇ ಸ್ಥಾನಪಲ್ಲಟವನ್ನೂ ಸುತ್ತಳತೆಯ ಅರ್ಧವೆಂದು ಬರೆದುಬಿಡುತ್ತಾರೆ. ಅದು ವ್ಯಾಸ ಎಂಬುದನ್ನು ಮೇಟಿಯ ಮೇಲೆ ಹಾಯುವ ಹಗ್ಗ ಮರೆಯಲು ಬಿಡುವುದಿಲ್ಲ.

ಕಾಲು ಸುತ್ತಿಗೆ ನಿಂತರೆ ಹೊರಗಿನ ಎತ್ತಿನ ನಡಿಗೆ 5.5 ಮೀಟರ್, ನೇರ ಅಂತರ ಸುಮಾರು 4.95. ವ್ಯತ್ಯಾಸ ಅರ್ಧ ಮೀಟರಿಗೆ ಇಳಿಯಿತು. ಇನ್ನೂ ಚಿಕ್ಕ ಬಾಗು ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಕರಗುತ್ತದೆ. ಬಾಗಿದ್ದನ್ನು ಅಳೆಯುವ ಗುಟ್ಟು ಇದೇ. 22 ಮೀಟರಿನ ಆ ಸುತ್ತನ್ನು ನಾಲ್ಕು ತುಂಡು ಮಾಡಿ ನೇರ ಅಂತರಗಳನ್ನು ಕೂಡಿದರೆ 19.8 ಮೀಟರ್ ಬರುತ್ತದೆ. ಆರು ತುಂಡಿಗೆ 21. ಮೂವತ್ತಾರು ತುಂಡಿಗೆ 21.96. ತುಂಡು ಸಣ್ಣದಾದಂತೆ ನೇರ ಗೆರೆಗಳ ಮೊತ್ತ ಬಾಗಿದ ಹಾದಿಯನ್ನು ಹಿಡಿದೇ ಬಿಡುತ್ತದೆ. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ 96 ಬಾಹುಗಳ ಆಕೃತಿಯಿಂದ ವೃತ್ತವನ್ನು ಅಳೆದದ್ದು ಈ ದಾರಿಯಲ್ಲೇ. ಇಂದಿನ ಮೊಬೈಲು ಓಟದ ದೂರ ಲೆಕ್ಕ ಹಾಕುವುದೂ ಇದೇ ಉಪಾಯದಿಂದ.

ಮಲಪ್ರಭೆಯ ಬಾಗು

ಕಣದಿಂದ ಹೊಳೆಗೆ ಬಂದರೆ ಲೆಕ್ಕ ದೊಡ್ಡದಾಗುತ್ತದೆ, ಸೂತ್ರ ಬದಲಾಗುವುದಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುವ ಮಲಪ್ರಭೆ, ನವಿಲುತೀರ್ಥದ ಅಣೆಕಟ್ಟಿಗೆ ಬಂದು ರೇಣುಕಾ ಸಾಗರವಾಗಿ ನಿಂತು, ಅಲ್ಲಿಂದ ಮುನವಳ್ಳಿ, ರಾಮದುರ್ಗ ದಾಟಿ, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಸುಮಾರು 488 ಮೀಟರ್ ಎತ್ತರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಉದ್ದ 304 ಕಿಲೋಮೀಟರ್. ಕಣಕುಂಬಿಯಿಂದ ಕೂಡಲಸಂಗಮಕ್ಕೆ ನಕಾಶೆಯ ಮೇಲೆ ಪಟ್ಟಿ ಇಟ್ಟು ಅಳೆದರೆ 200 ಕಿಲೋಮೀಟರಿಗಿಂತ ತುಸು ಹೆಚ್ಚು, ದಿಕ್ಕು ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಅಂದರೆ ನದಿ ತನ್ನ ನೇರ ಅಂತರದ ಸುಮಾರು ಒಂದೂವರೆ ಪಟ್ಟು ಹಾದಿ ಹರಿಯುತ್ತದೆ.

ಎತ್ತರದ ಲೆಕ್ಕವೂ ಚೆಂದವಾಗಿ ಕೂಡಿಬಂದಿದೆ. 792ರಲ್ಲಿ 488 ಕಳೆದರೆ 304. ಕಿಲೋಮೀಟರು 304, ಇಳಿತವೂ 304 ಮೀಟರ್. ಸರಾಸರಿ ಹೇಳುವುದಾದರೆ ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರು. ಇದು ಸರಾಸರಿ ಮಾತ್ರ. ಘಟ್ಟದ ಬದಿಯಲ್ಲಿ ನದಿ ಬೇಗ ಇಳಿಯುತ್ತದೆ, ಬಯಲಿಗೆ ಬಂದ ಮೇಲೆ ನಿಧಾನ.

ದಿಕ್ಕಿನ ಮಾತು ಇನ್ನೂ ಸೊಗಸು. ಇಡೀ ನದಿಯ ಸ್ಥಾನಪಲ್ಲಟ ಪೂರ್ವದ ಕಡೆಗಿದ್ದರೂ, ಪಟ್ಟದಕಲ್ಲಿನಲ್ಲಿ ನಿಂತು ನೋಡಿದರೆ ಮಲಪ್ರಭೆ ಉತ್ತರಕ್ಕೆ ಹರಿಯುತ್ತಿರುತ್ತದೆ. ಉತ್ತರವಾಹಿನಿ ಎಂದೇ ಆ ಜಾಗಕ್ಕೆ ಮಹತ್ವ. ಒಟ್ಟು ಪಯಣದ ದಿಕ್ಕು ಬೇರೆ, ಆಯಾ ಕ್ಷಣದ ದಿಕ್ಕು ಬೇರೆ ಎಂಬ ಮಾತನ್ನು ಪಿಯುಸಿ ಭೌತಶಾಸ್ತ್ರ ಸಮೀಕರಣಗಳಲ್ಲಿ ಹೇಳುತ್ತದೆ. ಪಟ್ಟದಕಲ್ಲಿನ ದಡ ಅದನ್ನು ಕಣ್ಣಿಗೆ ತೋರಿಸುತ್ತದೆ.

ಹೊಳೆಸಾಲಿನ ಊರುಗಳಿಗೆ ಇದರಲ್ಲಿ ನೇರ ಉಪಯೋಗವಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳಿಗೆ ನೀರು ನುಗ್ಗಿದ್ದು ಇನ್ನೂ ಯಾರೂ ಮರೆತಿಲ್ಲ. ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಿನ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದು ನಕಾಶೆಯ ನೇರ ಅಂತರವನ್ನಾಗಲೀ ಬಸ್ಸಿನ ರಸ್ತೆಯನ್ನಾಗಲೀ ಅವಲಂಬಿಸಿಲ್ಲ. ಅದು ನದಿಪಾತ್ರದ ಉದ್ದವನ್ನೂ ನೀರಿನ ಓಟವನ್ನೂ ಅವಲಂಬಿಸಿದೆ. “ಡ್ಯಾಮ್ ಇಲ್ಲಿಂದ ಇಷ್ಟೇ ಕಿಲೋಮೀಟರ್” ಎಂದು ರಸ್ತೆ ಕಲ್ಲು ನೋಡಿ ಅಂದಾಜು ಮಾಡುವುದು ಸರಿಯಲ್ಲ. ನೀರು ಬಿಡುವ ಮುನ್ಸೂಚನೆ ಬಂದಾಗ ಅಧಿಕಾರಿಗಳು ಹೇಳುವ ಹೊತ್ತನ್ನೇ ನಂಬಬೇಕು.

ಅಕ್ಷಾಂಶದಿಂದ ಅಂತರ

ಎರಡು ಊರುಗಳ ನೇರ ಅಂತರವನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಬೇಕಾದದ್ದು ಅಕ್ಷಾಂಶ, ರೇಖಾಂಶ ಮತ್ತು ಪೈಥಾಗೊರಸನ ಪ್ರಮೇಯ ಮಾತ್ರ. ಅಕ್ಷಾಂಶದ ಒಂದು ಮಿನಿಟು ಅಂದರೆ ಉತ್ತರ–ದಕ್ಷಿಣಕ್ಕೆ ಸುಮಾರು 1.84 ಕಿಲೋಮೀಟರ್. ರೇಖಾಂಶದ ಒಂದು ಮಿನಿಟು ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಪೂರ್ವ–ಪಶ್ಚಿಮಕ್ಕೆ ಸುಮಾರು 1.78 ಕಿಲೋಮೀಟರ್. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತಾಗುವುದರಿಂದ ಈ ಎರಡನೆಯದು ಸ್ವಲ್ಪ ಕಡಿಮೆ.

ಬೈಲಹೊಂಗಲ 15 ಡಿಗ್ರಿ 49 ಮಿನಿಟು ಉತ್ತರ, 74 ಡಿಗ್ರಿ 52 ಮಿನಿಟು ಪೂರ್ವದಲ್ಲಿದೆ. ಸವದತ್ತಿ 15 ಡಿಗ್ರಿ 46 ಮಿನಿಟು, 75 ಡಿಗ್ರಿ 7 ಮಿನಿಟು. ರಾಮದುರ್ಗ 15 ಡಿಗ್ರಿ 57 ಮಿನಿಟು, 75 ಡಿಗ್ರಿ 18 ಮಿನಿಟು. ಬೈಲಹೊಂಗಲದಿಂದ ಸವದತ್ತಿಗೆ ದಕ್ಷಿಣಕ್ಕೆ 3 ಮಿನಿಟು, ಪೂರ್ವಕ್ಕೆ 15 ಮಿನಿಟು. ಅಂದರೆ 5.5 ಕಿಲೋಮೀಟರ್ ತೆಂಕಣಕ್ಕೆ, ಸುಮಾರು 27 ಕಿಲೋಮೀಟರ್ ಮೂಡಣಕ್ಕೆ. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ ನೇರ ಅಂತರ ಸುಮಾರು 27 ಕಿಲೋಮೀಟರ್. ಹೀಗೇ ಸವದತ್ತಿಯಿಂದ ರಾಮದುರ್ಗಕ್ಕೆ ಸುಮಾರು 28. ಮೊದಲು ಸವದತ್ತಿ, ಆಮೇಲೆ ರಾಮದುರ್ಗ ಎಂದು ಹೋದವರು, ಎರಡೂ ರಸ್ತೆ ಪಟ್ಟಿ ಹಿಡಿದಂತೆ ನೇರವಿದ್ದವು ಎಂದುಕೊಂಡರೂ 55 ಕಿಲೋಮೀಟರ್ ಹೋಗಿರುತ್ತಾರೆ. ಆದರೆ ಬೈಲಹೊಂಗಲದಿಂದ ರಾಮದುರ್ಗಕ್ಕೆ ಅವರ ಸ್ಥಾನಪಲ್ಲಟ ಸುಮಾರು 49 ಕಿಲೋಮೀಟರ್, ಪೂರ್ವದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ವಾಲಿದ ದಿಕ್ಕಿನಲ್ಲಿ. ಮಿನಿಟುಗಳನ್ನು ದುಂಡು ಮಾಡಿರುವುದರಿಂದ ಈ ಲೆಕ್ಕ ಒಂದೆರಡು ಕಿಲೋಮೀಟರ್ ಅತ್ತಿತ್ತ ಆಗಬಹುದು. ಮೊಬೈಲಿನ ನಕಾಶೆಯಲ್ಲಿ ಸೆಕೆಂಡು, ದಶಾಂಶಗಳವರೆಗೆ ಸಿಗುತ್ತದೆ, ಅದನ್ನು ಹಚ್ಚಿದರೆ ಇನ್ನೂ ನಿಖರ.

ಬೆಳಗಾವಿ–ಬಾಗಲಕೋಟೆ ರಸ್ತೆಯೂ ಸವದತ್ತಿ–ಗೋಕಾಕ ರಸ್ತೆಯೂ ಕೂಡುವ ಯರಗಟ್ಟಿಯಲ್ಲಿ ನಿಂತವರಿಗೆ ಈ ಅಭ್ಯಾಸ ಇನ್ನೂ ಸುಲಭ. ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ. ಪ್ರತಿ ರಸ್ತೆಯ ಕಲ್ಲಿನ ಮೇಲಿನ ಸಂಖ್ಯೆಯನ್ನು ಒಂದು ಬದಿಗೆ, ಲೆಕ್ಕ ಹಾಕಿದ ನೇರ ಅಂತರವನ್ನು ಇನ್ನೊಂದು ಬದಿಗೆ ಬರೆದು ಭಾಗಿಸಿದರೆ ಯಾವ ರಸ್ತೆ ಎಷ್ಟು ಸುತ್ತಿಸುತ್ತದೆ ಎಂದು ತಿಳಿಯುತ್ತದೆ. ಕಲ್ಲಿನ ಸಂಖ್ಯೆ ಯಾವಾಗಲೂ ರಸ್ತೆಗುಂಟ ಅಳೆದದ್ದು ಎಂಬುದನ್ನು ನೆನಪಿಡಬೇಕು.

ಕಾನೂನು ಯಾವ ದೂರ ಹಿಡಿಯುತ್ತದೆ?

ಇದೊಂದು ವಿಷಯ ಹೆಚ್ಚು ಜನರಿಗೆ ತಿಳಿಯಬೇಕು. ಸರ್ಕಾರದ ಆದೇಶಗಳಲ್ಲಿ ‘ಇಂತಿಷ್ಟು ಕಿಲೋಮೀಟರ್ ಒಳಗೆ’ ಎಂದು ಕಂಡರೆ, ಅದು ನೇರ ಅಂತರವೋ ನಡೆವ ಹಾದಿಯೋ ಎಂದು ಮೊದಲು ನೋಡಬೇಕು.

ಕಬ್ಬು ನಿಯಂತ್ರಣ ಆದೇಶ 1966ರದು. 2006ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯ ಪ್ರಕಾರ, ಇರುವ ಸಕ್ಕರೆ ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಹೊಸ ಕಾರ್ಖಾನೆ ಕಟ್ಟುವಂತಿಲ್ಲ. ಈ 15 ಕಿಲೋಮೀಟರನ್ನು ಅಳೆಯುವುದು ಸರ್ವೆ ಆಫ್ ಇಂಡಿಯಾ, ಅದೂ ನೆಟ್ಟಗಿನ ವೈಮಾನಿಕ ದೂರ. ರಸ್ತೆ 20 ಕಿಲೋಮೀಟರ್ ಸುತ್ತಿದರೂ ನೇರ ಅಂತರ 14 ಇದ್ದರೆ ಪರವಾನಗಿ ಇಲ್ಲ. ಅದೇ ಕಬ್ಬು ಹೊಲದಿಂದ ಟ್ರ್ಯಾಕ್ಟರ್ ಏರಿ ಹೊರಟಾಗ ಲೆಕ್ಕ ತಲೆಕೆಳಗಾಗುತ್ತದೆ. ಡೀಸೆಲ್ಲು ಸುಡುವುದು, ಸಾಗಣೆ ಖರ್ಚು ಕೂಡುವುದು ರಸ್ತೆಯ ಕಿಲೋಮೀಟರಿಗೆ. ಕಾರ್ಖಾನೆಯ ಚಿಮಣಿ ಹೊಲದ ದಿಬ್ಬದಿಂದ ಕಾಣುತ್ತದೆ ಎಂದ ಮಾತ್ರಕ್ಕೆ ಸಾಗಣೆ ಅಗ್ಗವಾಗುವುದಿಲ್ಲ. ನಡುವೆ ಹೊಳೆ ಅಡ್ಡ ಬಂದು ಸೇತುವೆ ಐದು ಕಿಲೋಮೀಟರ್ ಆಚೆ ಇದ್ದರೆ ಆ ಐದೂ ರೈತನ ಪಾಲಿಗೆ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವಾಗ ಯಾವ ರಸ್ತೆಯ ಎಷ್ಟು ಕಿಲೋಮೀಟರ್ ಬರೆದಿದ್ದಾರೆ ಎಂದು ಕೇಳಿ ತಿಳಿಯುವುದು ಬೆಳೆಗಾರರ ಹಕ್ಕು. ಟ್ರ್ಯಾಕ್ಟರಿನ ಜೊತೆ ಒಮ್ಮೆ ಬೈಕಿನಲ್ಲಿ ಹೋಗಿ ಮೀಟರ್ ಓದಿಕೊಂಡು ಬಂದರೆ ಕೇಳಲು ಕೈಯಲ್ಲಿ ಲೆಕ್ಕವಿರುತ್ತದೆ.

ಶಾಲೆಯ ವಿಷಯದಲ್ಲಿ ಕಾನೂನು ಇನ್ನೊಂದು ದೂರವನ್ನು ಹಿಡಿದಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದರಡಿ ಕೇಂದ್ರ 2010ರಲ್ಲಿ ಮಾಡಿದ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್, 6ರಿಂದ 8ನೇ ತರಗತಿಯವರಿಗೆ ಮೂರು ಕಿಲೋಮೀಟರ್ ನಡಿಗೆಯ ದೂರದೊಳಗೆ ಶಾಲೆ ಇರಬೇಕು. ‘ನಡಿಗೆಯ ದೂರ’ ಎಂಬ ಶಬ್ದ ಅಲ್ಲಿ ಬೇಕೆಂದೇ ಬಂದಿದೆ. ಏಳು ವರ್ಷದ ಮಗುವಿಗೆ ಹಳ್ಳದ ಮೇಲಿಂದ ಹಾರಿ ಹೋಗಲು ಆಗುವುದಿಲ್ಲ, ಅದು ಸುತ್ತು ಹಾದಿಯಲ್ಲೇ ನಡೆಯಬೇಕು. ತೋಟದ ವಸತಿಯಿಂದ ಶಾಲೆ ಕಣ್ಣಳತೆಯಲ್ಲಿದ್ದು ನಡೆವ ಹಾದಿ ಒಂದೂವರೆ ಕಿಲೋಮೀಟರ್ ಇದ್ದರೆ ಪಾಲಕರು ಹಾದಿಯ ಲೆಕ್ಕವನ್ನೇ ಮುಂದಿಡಬೇಕು. ಎರಡು ನಿಯಮ, ಎರಡು ದೂರ. ಕಾರ್ಖಾನೆಗೆ ಸ್ಥಾನಪಲ್ಲಟದ ಅಳತೆ, ಮಗುವಿಗೆ ಕ್ರಮಿಸುವ ದೂರ. ಎರಡರಲ್ಲೂ ತರ್ಕವಿದೆ.

ಪೈಪಿಗೆ ಎರಡೂ ಲೆಕ್ಕ

ಬಾವಿಯಿಂದಲೋ ಬೋರಿನಿಂದಲೋ ಮೇಲಿನ ಹೊಲಕ್ಕೆ ಪೈಪ್‌ಲೈನ್ ಎಳೆಯುವವರು ಎರಡೂ ದೂರಗಳನ್ನು ಒಟ್ಟಿಗೆ ಲೆಕ್ಕ ಹಾಕಬೇಕಾಗುತ್ತದೆ. ಮೋಟರು ನೀರನ್ನು ಎತ್ತುವುದಕ್ಕೆ ಬೇಕಾದ ಶಕ್ತಿಯ ಒಂದು ಪಾಲು ಎತ್ತರದ ವ್ಯತ್ಯಾಸಕ್ಕೆ ಸಂಬಂಧಿಸಿದ್ದು. ನೀರಿನ ಮಟ್ಟಕ್ಕಿಂತ ಹೊಲ 12 ಮೀಟರ್ ಮೇಲಿದ್ದರೆ, ಪೈಪು ನೆಟ್ಟಗೆ ಹೋಗಲಿ, ಬದುವಿನಗುಂಟ ಬಳಸಿ ಹೋಗಲಿ, ಆ 12 ಮೀಟರ್ ಬದಲಾಗುವುದಿಲ್ಲ. ಗುರುತ್ವದ ವಿರುದ್ಧ ಮಾಡುವ ಕೆಲಸ ಹಾದಿಯನ್ನು ಕೇಳುವುದೇ ಇಲ್ಲ, ಮೇಲಕ್ಕೆ ಎಷ್ಟು ಏರಿತು ಎಂದಷ್ಟೇ ಕೇಳುತ್ತದೆ. ಸವದತ್ತಿಯ ಪರಸಗಡ ಕೋಟೆಯನ್ನು ಕಡಿದಾದ ಮೆಟ್ಟಿಲಲ್ಲಿ ಹತ್ತಿದರೂ ಬಳಸು ದಾರಿಯಲ್ಲಿ ಹತ್ತಿದರೂ ಏರಿದ ಎತ್ತರ ಒಂದೇ ಇದ್ದಂತೆ.

ಇನ್ನೊಂದು ಪಾಲು ಘರ್ಷಣೆಯದು. ನೀರು ಪೈಪಿನ ಒಳಗೋಡೆಗೆ ಉಜ್ಜುತ್ತ ಸಾಗುವಾಗ ಒತ್ತಡ ಕಳೆಯುತ್ತದೆ. ಅದು ಪೈಪಿನ ಪೂರ್ತಿ ಉದ್ದಕ್ಕೆ ತಕ್ಕಂತೆ ಏರುತ್ತದೆ. ನೇರ 200 ಮೀಟರ್ ಆಗುವಲ್ಲಿ ಬದು ಬಳಸಿ 300 ಮೀಟರ್ ಎಳೆದರೆ ಘರ್ಷಣೆಯ ನಷ್ಟ ಒಂದೂವರೆ ಪಟ್ಟು. ಪೈಪಿನ ಅಗಲ ಇನ್ನೂ ಮುಖ್ಯ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ನೂಕಿದರೆ ನಷ್ಟ ಸುಮಾರು 32 ಪಟ್ಟಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಎರಡು ಸಂಖ್ಯೆ ಚೀಟಿಯಲ್ಲಿ ಬರೆದುಕೊಳ್ಳಬೇಕು: ನೀರಿನ ಮಟ್ಟದಿಂದ ಹೊಲಕ್ಕಿರುವ ಏರು, ಮತ್ತು ಹಾದಿಗುಂಟ ಹಗ್ಗ ಹಾಸಿ ಅಳೆದ ಪೈಪಿನ ಉದ್ದ. ಹಾದಿಯ ನಡುವೆ ಹೊಲಕ್ಕಿಂತ ಎತ್ತರದ ದಿಬ್ಬವಿದ್ದರೆ ಆ ದಿಬ್ಬದ ಎತ್ತರವನ್ನೂ ಹೇಳಬೇಕು. ಒಂದೇ ಸಂಖ್ಯೆ ಹೇಳಿ ಮೋಟರ್ ತಂದವರ ಹೊಲದ ಕೊನೆಗೆ ನೀರು ಜಿನುಗುವುದು ಹೊಸದೇನಲ್ಲ.

ಬೇಲಿಯ ತಂತಿಗೂ ಹೀಗೇ. ಹಳ್ಳದ ದಂಡೆಯ ಬಾಗಿಗೆ ಹೊಂದಿಸಿ ಬೇಲಿ ಹಾಕುವವರು ಎರಡು ಮೂಲೆಕಲ್ಲುಗಳ ನಡುವಿನ ನೇರ ಅಳತೆ ನಂಬಿ ತಂತಿ ತಂದರೆ ನಡುವೆಯೇ ಮುಗಿಯುತ್ತದೆ. ಭೂಮಾಪಕರು ಇಂಥ ಬಾಗು ಗಡಿಯನ್ನು ಅಳೆಯುವಾಗ ಮೊದಲು ಒಂದು ನೇರ ಗೆರೆ ಹಾಕಿ, ಆ ಗೆರೆಯಿಂದ ಅಲ್ಲಲ್ಲಿ ಅಡ್ಡ ಅಳತೆ ತೆಗೆದು ಬಾಗನ್ನು ಕಾಗದದ ಮೇಲೆ ಮೂಡಿಸುತ್ತಾರೆ. ಅವರ ಸರಪಳಿ 33 ಅಡಿಯದು, 16 ಆಣೆಯ ಭಾಗಗಳದು. 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ ಒಂದು ಗುಂಟೆ.

ಟ್ರ್ಯಾಕ್ಟರ್ ಓಡಿಸುವವರಿಗೂ ಒಂದು ಮಾತು. ಹೊಲದ ತುದಿಯಲ್ಲಿ ಟ್ರ್ಯಾಕ್ಟರ್ ಅರ್ಧ ಸುತ್ತು ತಿರುಗುವಾಗ ಹಂತಿಯ ಎತ್ತುಗಳಂತೆ ಹೊರಗಿನ ಗಾಲಿಗೆ ಹಾದಿ ಹೆಚ್ಚು. ಎರಡು ಹಿಂದಿನ ಗಾಲಿಗಳ ನಡುವೆ 1.3 ಮೀಟರ್ ಇದ್ದರೆ ಹೊರಗಿನದು ಸುಮಾರು 4.1 ಮೀಟರ್ ಹೆಚ್ಚು ಉರುಳುತ್ತದೆ. ಅಚ್ಚರಿಯೆಂದರೆ ತಿರುವು ಚಿಕ್ಕದಿದ್ದರೂ ದೊಡ್ಡದಿದ್ದರೂ ಈ 4.1 ಬದಲಾಗದು. ಎರಡು ಗಾಲಿ ಬೇರೆ ಬೇರೆ ಓಟಕ್ಕೆ ತಿರುಗಲು ಬಿಡುವುದಕ್ಕೇ ಡಿಫರೆನ್ಷಿಯಲ್ ಇರುವುದು. ಕೆಸರಿನಿಂದ ಹೊರಬರಲು ಡಿಫರೆನ್ಷಿಯಲ್ ಲಾಕ್ ಹಾಕಿದವರು ತಿರುಗಿಸುವ ಮುಂಚೆ ಅದನ್ನು ಬಿಡಿಸಲೇಬೇಕು. ಇಲ್ಲದಿದ್ದರೆ ಟೈರು ಉಜ್ಜುತ್ತದೆ, ಗೇರಿಗೆ ಪೆಟ್ಟು ಬೀಳುತ್ತದೆ, ಟ್ರ್ಯಾಕ್ಟರ್ ಮಾತು ಕೇಳದೆ ನೇರ ಹೋಗುತ್ತದೆ.

ಮೈದಾನದ 112 ಮೀಟರ್

ಕ್ರೀಡಾಕೂಟದ ಹೊತ್ತಿಗೆ ದೈಹಿಕ ಶಿಕ್ಷಕರನ್ನು ಮಕ್ಕಳು ಕೇಳುವ ಪ್ರಶ್ನೆ ಒಂದಿದೆ: 400 ಮೀಟರ್ ಓಟಕ್ಕೆ ಹೊರಗಿನ ಲೇನಿನವರನ್ನು ಯಾಕೆ ಮುಂದೆ ನಿಲ್ಲಿಸುತ್ತಾರೆ? ಅಂತರರಾಷ್ಟ್ರೀಯ ಅಳತೆಯ 400 ಮೀಟರ್ ಟ್ರ್ಯಾಕಿನಲ್ಲಿ ಎರಡು ನೇರ ಭಾಗಗಳು ತಲಾ 84.39 ಮೀಟರ್, ಎರಡು ಅರ್ಧವೃತ್ತಗಳು. ಒಂದನೇ ಲೇನಿನ ಓಟದ ಗೆರೆಗೆ ತ್ರಿಜ್ಯ 36.8 ಮೀಟರ್. ಲೇನಿನ ಅಗಲ 1.22 ಮೀಟರ್. ಎರಡನೇ ಲೇನಿನಲ್ಲಿ ಪೂರ್ತಿ ಸುತ್ತಿದರೆ 407.04 ಮೀಟರ್ ಆಗುತ್ತದೆ. ಆ ಹೆಚ್ಚುವರಿ 7.04 ಮೀಟರನ್ನು ಆರಂಭದಲ್ಲೇ ಮುಂದೆ ನಿಲ್ಲಿಸಿ ಸರಿದೂಗಿಸುತ್ತಾರೆ. ಒಂದನೇ ಲೇನಿನವರು ಹೊರಟ ಗೆರೆಗೇ ಬಂದು ಮುಟ್ಟುತ್ತಾರೆ, ಅವರ ಸ್ಥಾನಪಲ್ಲಟ ಸೊನ್ನೆ.

200 ಮೀಟರ್ ಓಟ ಇನ್ನೂ ಒಳ್ಳೆಯ ಉದಾಹರಣೆ. ಒಂದು ಅರ್ಧವೃತ್ತ, ಒಂದು ನೇರ ಭಾಗ. ಒಂದನೇ ಲೇನಿನಲ್ಲಿ ಹೊರಡುವ ಜಾಗವೂ ಮುಟ್ಟುವ ಜಾಗವೂ ಒಂದು ಆಯತದ ಎದುರುಬದುರು ಮೂಲೆಗಳು. ಆಯತದ ಒಂದು ಬದಿ 84.39 ಮೀಟರ್, ಇನ್ನೊಂದು 73.6. ಕರ್ಣ ಲೆಕ್ಕ ಹಾಕಿದರೆ 112 ಮೀಟರ್. ಓಟಗಾರ್ತಿ 200 ಮೀಟರ್ ಓಡಿ ಮೈದಾನದಲ್ಲಿ ಸರಿದದ್ದು 112 ಮೀಟರ್. ಅವಳು 25 ಸೆಕೆಂಡಿನಲ್ಲಿ ಮುಟ್ಟಿದಳೆಂದುಕೊಂಡರೆ ಸರಾಸರಿ ಜವ ಸೆಕೆಂಡಿಗೆ 8 ಮೀಟರ್, ಸರಾಸರಿ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್. ದಿನಬಳಕೆಯಲ್ಲಿ ಜವ, ವೇಗ ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ. ಹಾದಿಯನ್ನು ಹೊತ್ತಿನಿಂದ ಭಾಗಿಸಿದರೆ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ವೇಗ. ಉತ್ತರದ ಜೊತೆ ದಿಕ್ಕು ಬರೆಯದಿದ್ದರೆ ಅಂಕ ಹೋಗುತ್ತದೆ.

ಅಳೆಯುವ ಬಗೆ

ಬಾಗಿದ ಹಾದಿಯನ್ನು ಅಳೆಯಲು ಎಲ್ಲಕ್ಕಿಂತ ಅಗ್ಗದ ಸಾಧನ ಸೈಕಲ್ಲು. 70 ಸೆಂಟಿಮೀಟರ್ ವ್ಯಾಸದ ಗಾಲಿ ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತದೆ. ಗಾಲಿಯ ಕಡ್ಡಿಗೆ ಬಣ್ಣದ ಬಟ್ಟೆ ಕಟ್ಟಿ, ಸೈಕಲ್ಲು ನೂಕುತ್ತ ಸುತ್ತು ಎಣಿಸಿದರೆ ಸಾಕು. ನೂರು ಸುತ್ತಿಗೆ 220 ಮೀಟರ್. ಬೈಕಿನ ಮೀಟರು ಮಾಡುವುದೂ ಇದನ್ನೇ, ಗಾಲಿಯ ಸುತ್ತು ಎಣಿಸುವುದು. ನಕಾಶೆಯ ಮೇಲಾದರೆ ಒದ್ದೆ ದಾರ. ದಾರವನ್ನು ರಸ್ತೆಯ ಗೆರೆಗುಂಟ ಹಾಸಿ, ಗುರುತು ಮಾಡಿ, ಎಳೆದು ಪಟ್ಟಿಯ ಮೇಲೆ ಇಡಬೇಕು. ಸರ್ವೆ ಆಫ್ ಇಂಡಿಯಾದ 1:50,000 ನಕಾಶೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್.

ಮೊಬೈಲಿನ ಜಿಪಿಎಸ್ ಸ್ವಲ್ಪ ಎಚ್ಚರದಿಂದ ಬಳಸಬೇಕಾದದ್ದು. ಅದು ಕೆಲವು ಸೆಕೆಂಡಿಗೊಮ್ಮೆ ಜಾಗ ಗುರುತಿಸಿ ನಡುವಿನ ನೇರ ಅಂತರಗಳನ್ನು ಕೂಡುತ್ತದೆ. ಎರಡು ಗುರುತುಗಳ ನಡುವೆ ಹಾದಿ ಬಾಗಿದ್ದರೆ ಬಾಗು ಕತ್ತರಿಸಿ ಹೋಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಕಣದ ಸುತ್ತನ್ನು ನಾಲ್ಕೇ ತುಂಡು ಮಾಡಿದಾಗ 22ರ ಬದಲು 19.8 ಬಂದಂತೆ. ಒಂದೇ ಜಾಗದಲ್ಲಿ ನಿಂತುಬಿಟ್ಟರೆ ಉಲ್ಟಾ. ಗುರುತು ಕೆಲವು ಮೀಟರ್ ಅತ್ತಿತ್ತ ಜಿಗಿಯುವುದರಿಂದ ನಡೆಯದ ದೂರವೂ ಕೂಡುತ್ತದೆ. ಹೊಲದ ಪೈಪಿನಂಥ ನೂರಿನ್ನೂರು ಮೀಟರಿನ ಕೆಲಸಕ್ಕೆ ಟೇಪು ಅಥವಾ ಹಗ್ಗವೇ ಮೇಲು. ಊರಿಂದ ಊರಿಗೆ ಮೊಬೈಲು ಸಾಕು. ಅದರ ನಕಾಶೆಯಲ್ಲಿ ದೂರ ಅಳೆಯುವ ಸೌಲಭ್ಯವೂ ಇದೆ: ಒಂದು ಜಾಗದ ಮೇಲೆ ಬೆರಳು ಒತ್ತಿ ಹಿಡಿದು, ಇನ್ನೊಂದಕ್ಕೆ ಗೆರೆ ಎಳೆದರೆ ನೇರ ಅಂತರ ತೋರಿಸುತ್ತದೆ. ದಾರಿ ಕೇಳಿದರೆ ರಸ್ತೆಯ ದೂರ. ಎರಡನ್ನೂ ಪಕ್ಕಪಕ್ಕ ನೋಡಬಹುದು.

ಯರಗಟ್ಟಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಭಾಗದ ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ‘ಚಲನೆ’ ಪಾಠದ ದಿನ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಒಂದು ಗೂಟ, ಮೂರೂವರೆ ಮೀಟರ್ ಹಗ್ಗ, ಒಂದು ಟೇಪು ಸಾಕು. ಗೂಟವನ್ನು ಮೇಟಿಯಾಗಿ ನೆಟ್ಟು, ನಾಲ್ವರನ್ನು ಹಗ್ಗ ಹಿಡಿಸಿ ಸಾಲಾಗಿ ಸುತ್ತು ಹಾಕಿಸಿ, ಕಾಲು ಸುತ್ತಿಗೆ, ಅರ್ಧ ಸುತ್ತಿಗೆ, ಪೂರ್ತಿ ಸುತ್ತಿಗೆ ನಿಲ್ಲಿಸಿ ಅಳೆಯಿಸಿ. ಹಂತಿ ಹೊಡೆದ ಅಜ್ಜಂದಿರು ಊರಲ್ಲಿ ಇದ್ದರೆ ಅವರನ್ನೂ ಕರೆಯಿರಿ. ಒಂದು ಪೀರಿಯಡ್ಡಿನಲ್ಲಿ ಮುಗಿಯುವ ಕೆಲಸ.